ಔಷಧಿ ಡಬ್ಬಿಯಲ್ಲಿರುವ ಆ ಟ್ಯೂಬ್

ನಮಸ್ಕಾರ. ಮನೆಯಲ್ಲಿ ಔಷಧಿ ಇಡುವ ಡಬ್ಬಿ ಇದೆಯಲ್ವಾ, ಅದನ್ನು ಒಮ್ಮೆ ತೆಗೆದು ನೋಡಿ. ಅರ್ಧ ಹಿಂಡಿ, ಬುಡದಿಂದ ಸುತ್ತಿಟ್ಟ ಒಂದು ಮುಲಾಮಿನ ಟ್ಯೂಬ್ ಸಿಕ್ಕರೂ ಸಿಗಬಹುದು. ಯಾರು ಬರೆದುಕೊಟ್ಟಿದ್ದು ಅಂತ ಯಾರಿಗೂ ನೆನಪಿರುವುದಿಲ್ಲ. ತುರಿಕೆಗೂ ಅದೇ, ಮೊಡವೆಗೂ ಅದೇ, ಹುಳುಕಡ್ಡಿಗೂ ಅದೇ.

ನಮ್ಮ ಚಿಕ್ಕಮ್ಮನ ಕೆನ್ನೆಯ ಮೇಲೆ ಬಂಗು ಬಂದಿತ್ತು. ಯಾರೋ ಹೇಳಿದರು ಅಂತ ಮೆಡಿಕಲ್ ಶಾಪಿನಿಂದ ಒಂದು ಟ್ಯೂಬ್ ತಂದರು. ಅಂಗಡಿಯವರು ಚೀಟಿ ಕೇಳಲೇ ಇಲ್ಲ. ಕೆಲವೇ ವಾರದಲ್ಲಿ ಮುಖ ತಿಳಿಯಾಯಿತು. "ಚಿಕ್ಕಮ್ಮಾ, ಎಷ್ಟು ಬೆಳ್ಳಗಾಗಿದ್ದೀರಿ!" ಅಂತ ಹೇಳಿದವಳು ನಾನೇ. ಅವರು ಹಚ್ಚುತ್ತಲೇ ಹೋದರು. ವರ್ಷ ತುಂಬುವ ಮೊದಲೇ ಬಿಸಿಲಿಗೆ ಹೋದರೆ ಮುಖ ಧಗಧಗ ಉರಿ. ಕೆನ್ನೆಯಲ್ಲಿ ಕೆಂಪು ನಾಳಗಳು ದಾರದ ಎಳೆಗಳ ಹಾಗೆ ಎದ್ದು ಕಂಡವು. ಗಲ್ಲದ ಮೇಲೆ ಕೂದಲು ಬೆಳೆಯಿತು. ಹಚ್ಚುವುದು ಬಿಟ್ಟರೆ ಉರಿ ಇನ್ನೂ ಜಾಸ್ತಿ. ಹಾಗಾಗಿ ಮತ್ತೆ ಅದೇ ಟ್ಯೂಬ್.

ಅದರಲ್ಲಿ ಇದ್ದಿದ್ದು ಸ್ಟೆರಾಯ್ಡ್, ಅಂದರೆ ಉರಿ, ಊತ ತಗ್ಗಿಸುವ ಔಷಧಿ.

ಅದು ಚರ್ಮಕ್ಕೆ ಏನು ಮಾಡುತ್ತದೆ ಅಂತ ತಿಳಿಯಬೇಕಾದರೆ ಚರ್ಮದೊಳಗೆ ಸ್ವಲ್ಪ ಇಣುಕಬೇಕು. ಮೇಲ್ಪದರದ ಬುಡದಲ್ಲಿ ದಿನವೂ ಹೊಸ ಜೀವಕೋಶಗಳು ಹುಟ್ಟುತ್ತವೆ. ಮೇಲೇರುತ್ತಾ ಕೆರಾಟಿನ್ ಅನ್ನುವ ಗಟ್ಟಿ ಪ್ರೋಟೀನ್ ತುಂಬಿಕೊಂಡು ಸಾಯುತ್ತವೆ. ಸುಮಾರು ಒಂದು ತಿಂಗಳಲ್ಲಿ ಉದುರಿ ಹೋಗುತ್ತವೆ. ಈ ಸತ್ತ ಕೋಶಗಳೇ ಇಟ್ಟಿಗೆ, ನಡುವಿನ ಜಿಡ್ಡೇ ಗಾರೆ. ಈ ಗೋಡೆ ಒಳಗಿನ ನೀರನ್ನು ಹಿಡಿದಿಡುತ್ತದೆ, ಹೊರಗಿನ ರೋಗಾಣುಗಳನ್ನು ತಡೆಯುತ್ತದೆ. ಅದರ ಕೆಳಗೆ ಕೊಲಾಜೆನ್ ಎಳೆಗಳ ದಪ್ಪ ಪದರ. ರಕ್ತನಾಳ, ಬೆವರಿನ ಗ್ರಂಥಿ, ಕೂದಲಿನ ಬೇರು ಎಲ್ಲ ಅಲ್ಲಿವೆ. ಸ್ಟೆರಾಯ್ಡ್ ತಿಂಗಳುಗಟ್ಟಲೆ ಬಿದ್ದರೆ ಮೇಲಿನ ಕೋಶಗಳು ಹುಟ್ಟುವುದೂ ನಿಧಾನ, ಕೆಳಗೆ ಕೊಲಾಜೆನ್ ತಯಾರಾಗುವುದೂ ಕಡಿಮೆ. ಚರ್ಮ ತೆಳ್ಳಗಾಗಿ ಒಳಗಿನ ನಾಳಗಳು ಹೊರಗೆ ಕಾಣುತ್ತವೆ.

ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ಕಡಿಮೆಯಾಗುತ್ತದೆ. ನಾವು ಹೊಳಪು ಅಂತ ಖುಷಿಪಟ್ಟಿದ್ದು ಅದನ್ನೇ! ಮೆಲನಿನ್ ಮಾಡುವ ಕೋಶಗಳ ಸಂಖ್ಯೆ ಕಪ್ಪಗಿರುವವರಲ್ಲೂ ಬೆಳ್ಳಗಿರುವವರಲ್ಲೂ ಹೆಚ್ಚುಕಡಿಮೆ ಒಂದೇ. ಎಷ್ಟು, ಯಾವ ಬಗೆಯ ಬಣ್ಣ ಮಾಡುತ್ತವೆ ಅನ್ನುವುದರಲ್ಲಿ ವ್ಯತ್ಯಾಸ. ಆ ಬಣ್ಣದ ಕಣಗಳು ಕೋಶದ ನಡುವಿನ ಕೇಂದ್ರಕ್ಕೆ ಕೊಡೆ ಹಿಡಿದ ಹಾಗೆ ಮೇಲೆ ಕೂತು ಬಿಸಿಲನ್ನು ತಡೆಯುತ್ತವೆ. ಇಷ್ಟು ಬಿಸಿಲಿರುವ ನಾಡಿನಲ್ಲಿ ಕೊಡೆ ಮಡಚಿದ್ದಕ್ಕೆ ನಾನು ಚಪ್ಪಾಳೆ ತಟ್ಟಿದ್ದೆ. ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ಹುಳುಕಡ್ಡಿಯ ಕಥೆ ಇನ್ನೂ ಕೆಟ್ಟದ್ದು. ಅದು ಹುಳ ಅಲ್ಲ, ಶಿಲೀಂಧ್ರ. ಅದರ ಊಟವೇ ಕೆರಾಟಿನ್. ಹಾಗಾಗಿ ಚರ್ಮ, ಕೂದಲು, ಉಗುರು ಮೂರನ್ನೂ ಬಿಡುವುದಿಲ್ಲ. ಸ್ಟೆರಾಯ್ಡ್ ಹಚ್ಚಿದರೆ ತುರಿಕೆ ನಿಲ್ಲುತ್ತದೆ, ಯಾಕಂದರೆ ಕಾವಲಿಗಿದ್ದ ನಮ್ಮ ರೋಗನಿರೋಧಕ ಕೋಶಗಳನ್ನೇ ಅದು ಸುಮ್ಮನಾಗಿಸುತ್ತದೆ. ಶಿಲೀಂಧ್ರ ಆರಾಮಾಗಿ ಹರಡುತ್ತದೆ. ಈಗ ಟ್ರೈಕೊಫೈಟಾನ್ ಇಂಡೊಟೀನಿಯೆ ಅನ್ನುವ ಬಗೆ ನಮ್ಮಲ್ಲಿ ಬೇರೂರಿದೆ. 2020ರಲ್ಲಿ ಹೆಸರಿಟ್ಟರು, ಹೆಸರಲ್ಲೇ ಇಂಡಿಯಾ ಇದೆ. ಶಿಲೀಂಧ್ರಕ್ಕೆ ಕೊಡುವ ಟರ್ಬಿನಾಫಿನ್ ಮಾತ್ರೆಗೆ ಇದು ಎಷ್ಟೋ ಸಲ ಬಗ್ಗುವುದಿಲ್ಲ. ಇದು ಹೀಗೆ ಬೇರೂರಲು ಸ್ಟೆರಾಯ್ಡ್ ಬೆರೆಸಿದ ಕ್ರೀಮುಗಳೂ ಕಾರಣ ಅಂತ ಚರ್ಮ ವೈದ್ಯರಿಗೆ ದೊಡ್ಡ ಅನುಮಾನವಿದೆ. ಉಗುರಿಗೆ ಹತ್ತಿದರಂತೂ ತಿಂಗಳುಗಟ್ಟಲೆ ಕಾಯಬೇಕು. ಕೈ ಉಗುರು ಬೆಳೆಯುವುದೇ ತಿಂಗಳಿಗೆ ಸುಮಾರು 3 ಮಿಲಿಮೀಟರ್, ಕಾಲಿನದು ಇನ್ನೂ ನಿಧಾನ.

2018ರಲ್ಲೇ ಸರ್ಕಾರ ಈ ಮುಲಾಮುಗಳನ್ನು ಷೆಡ್ಯೂಲ್ ಹೆಚ್‌ಗೆ ಸೇರಿಸಿತು. ಚೀಟಿ ಇಲ್ಲದೆ ಕೊಡುವಂತಿಲ್ಲ. ಆದರೂ ಕೊಡುತ್ತಾರೆ, ನಾವೂ ಕೇಳುತ್ತೇವೆ. ಕೊಡುವವರು ನಿಲ್ಲಿಸಲೇಬೇಕು. ಆದರೆ "ಬೆಳ್ಳಗಾದೆ" ಅನ್ನುವ ಮೆಚ್ಚುಗೆಯನ್ನು ನಾವು ಮೊದಲು ನಿಲ್ಲಿಸಬೇಕು ಅಂತ ನನಗನ್ನಿಸುತ್ತದೆ.

ಸ್ಟೆರಾಯ್ಡ್ ವಿಷ ಅಂತ ನಾನು ಹೇಳುತ್ತಿಲ್ಲ. ಇಸುಬು ಬಂದ ಮಗು ರಾತ್ರಿ ನಿದ್ದೆ ಮಾಡುವುದು ಎಷ್ಟೋ ಸಲ ಅದರಿಂದಲೇ. ಆದರೆ ಎಷ್ಟು ಪ್ರಬಲದ್ದು, ಎಲ್ಲಿಗೆ, ಎಷ್ಟು ದಿನ ಅಂತ ವೈದ್ಯರು ಹೇಳಬೇಕು.

ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಓದಿ. ಬೆಟಾಮೆಥಸೋನ್, ಕ್ಲೊಬೆಟಸಾಲ್, ಮೊಮೆಟಸೋನ್ ಅಂತಿದ್ದರೆ ಅದು ಇದೇ. ತಿಂಗಳಾನುಗಟ್ಟಲೆ ಮುಖಕ್ಕೆ ಹಚ್ಚುತ್ತಿದ್ದರೆ ಗಾಬರಿಯಿಂದ ಒಮ್ಮೆಲೇ ಬಿಡಬೇಡಿ. ಚರ್ಮದ ಡಾಕ್ಟರ ಹತ್ತಿರ ಹೋಗಿ. ಹೋಗುವಾಗ ಆ ಟ್ಯೂಬನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ.