ಕೊಯ್ಯದೆ ಕಾಣುವ ನರ

ಕೇಳುಗರೆಲ್ಲರಿಗೂ ನಮಸ್ಕಾರ.

ಕಣ್ಣಿಗೆ ಒಂದು ಚೂರು ಧೂಳು ಬಿದ್ದರೂ ಎಷ್ಟು ಒದ್ದಾಡುತ್ತೇವೆ, ಅಲ್ವಾ? ಅದೇ ಧೂಳು ಅಂಗೈ ಮೇಲೆ ಕೂತರೆ ಗೊತ್ತೇ ಆಗುವುದಿಲ್ಲ. ಕಣ್ಣಿನ ಮುಂಭಾಗದಲ್ಲಿ, ಕೈಗಡಿಯಾರದ ಗಾಜಿನ ಹಾಗೆ, ತಿಳಿಯಾದ ಒಂದು ಪದರವಿದೆ. ಅದೇ ಕಾರ್ನಿಯಾ. ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸು. ಅಷ್ಟರೊಳಗೇ ನರಗಳು ಒತ್ತೊತ್ತಾಗಿ ಹೆಣೆದುಕೊಂಡಿವೆ.

ಈ ಪದರಕ್ಕೆ ನುಗ್ಗುವ ಒಂದು ಪರಾವಲಂಬಿ ಜೀವಿಯಿದೆ. ಹೆಸರು ಅಕಾಂಥಮೀಬಾ. ಮಣ್ಣು, ಕೆರೆ, ಈಜುಕೊಳ, ಮನೆಯ ನಲ್ಲಿ ನೀರು, ಎಲ್ಲಿ ಬೇಕಾದರೂ ಇರಬಹುದು. ಸಾಮಾನ್ಯವಾಗಿ ನಮ್ಮ ತಂಟೆಗೆ ಬರುವುದಿಲ್ಲ. ಕಾರ್ನಿಯಾದ ಮೇಲೆ ಸಣ್ಣ ಗೀರು ಬಿದ್ದಿದ್ದರೆ ಮಾತ್ರ ಅಲ್ಲಿ ಅಂಟಿಕೊಂಡು ಒಳಗಿಳಿಯುತ್ತದೆ.

ವೈದ್ಯರು ಈ ಸೋಂಕನ್ನು ಗುರುತಿಸಿದ್ದು 1970ರ ದಶಕದಲ್ಲಿ. 1980ರ ದಶಕದಲ್ಲಿ ಅಮೆರಿಕದಲ್ಲಿ ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಲ್ಲಿ ಇದು ಜಾಸ್ತಿಯಾಯಿತು. ಉಪ್ಪಿನ ಮಾತ್ರೆಯನ್ನು ಮನೆಯಲ್ಲೇ ನೀರಿಗೆ ಕರಗಿಸಿ ಲೆನ್ಸಿಗೆ ಬಳಸುತ್ತಿದ್ದರು. ಅಮೀಬಾಕ್ಕೆ ಅದೇ ದಾರಿಯಾಯಿತು. ನಮ್ಮ ದೇಶದ ಕಥೆ ಬೇರೆ. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯಂಥ ಕಡೆ ಈ ಸೋಂಕಿನಿಂದ ಬಂದವರಲ್ಲಿ ಹೆಚ್ಚಿನವರು ಲೆನ್ಸ್ ಮುಟ್ಟಿದವರೇ ಅಲ್ಲ. ಕಣ್ಣಿಗೆ ಪೆಟ್ಟು ಬಿದ್ದವರು, ಮಣ್ಣು ಸಿಡಿದವರು, ಕೊಳೆ ನೀರು ತಾಗಿದವರು. ಭತ್ತದ ಗರಿ ಕಣ್ಣಿಗೆ ತಾಗಿ, ಪಕ್ಕದ ಕಾಲುವೆ ನೀರಲ್ಲೇ ಕಣ್ಣು ತೊಳೆದುಕೊಂಡರೆ ಸಾಕು.

ಆಮೇಲೆ ನೋವು ಶುರುವಾಗುತ್ತದೆ. ಕಣ್ಣು ಸ್ವಲ್ಪ ಕೆಂಪಾಗಿದೆ ಅಷ್ಟೆ, ಆದರೆ ಮನುಷ್ಯ ರಾತ್ರಿಯಿಡೀ ನಿದ್ದೆ ಮಾಡುವುದಿಲ್ಲ, ಬೆಳಕು ಕಂಡರೆ ಮುಖ ತಿರುಗಿಸುತ್ತಾನೆ. ಅಮೀಬಾ ನರದ ಗುಂಟವೇ ಸಾಗುವುದರಿಂದ ಹೀಗೆ. ಎಲ್ಲರಿಗೂ ಇಷ್ಟು ನೋವು ಇರಲೇಬೇಕು ಅಂತಿಲ್ಲ. ಆದರೆ ತೋರಿಕೆಗಿಂತ ನೋವು ದೊಡ್ಡದಾಗಿದ್ದರೆ ವೈದ್ಯರಿಗೆ ಅಮೀಬಾದ ನೆನಪಾಗಬೇಕು. ಎಷ್ಟೋ ಸಲ ಇದನ್ನು ಹರ್ಪಿಸ್ ವೈರಸ್ ಅಂದುಕೊಂಡು ವಾರಗಟ್ಟಲೆ ಬೇರೆ ಔಷಧಿ ಹಾಕಿರುತ್ತಾರೆ. ನನಗೆ ಇನ್ನೂ ಸಂಕಟವಾಗುವುದು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟಿರಾಯ್ಡ್ ಡ್ರಾಪ್ಸ್ ನೋಡಿದಾಗ. ಕೆಂಪು ಇಳಿಯುತ್ತದೆ, ಕಣ್ಣು ವಾಸಿಯಾಯಿತು ಅನ್ನಿಸುತ್ತದೆ. ಒಳಗೆ ಅಮೀಬಾ ಆರಾಮಾಗಿ ಬೆಳೆಯುತ್ತಿರುತ್ತದೆ. ಕೊನೆಗೆ ಕಾರ್ನಿಯಾದಲ್ಲಿ ಉಂಗುರದಂತೆ ಬಿಳಿ ಕಟ್ಟುತ್ತದೆ. ಹಳ್ಳಿಯಲ್ಲಿ ನಾವು ಕಣ್ಣಿಗೆ ಹೂವು ಬಿತ್ತು ಅನ್ನುತ್ತೇವಲ್ಲ, ಅದೇ ಸ್ಥಿತಿಗೆ ಬರುತ್ತದೆ.

ಪತ್ತೆ ಮಾಡುವ ರೀತಿ ಚೆಂದ. ಕಣ್ಣಿಗೆ ಮರಗಟ್ಟುವ ಹನಿ ಹಾಕಿ, ಹುಣ್ಣಿನ ಅಂಚನ್ನು ತುಸು ಕೆರೆಯುತ್ತಾರೆ. ಏನೂ ಪೋಷಕಾಂಶವಿಲ್ಲದ ಅಗರ್ ಎಂಬ ಜೆಲ್ಲಿಯ ತಟ್ಟೆಯ ಮೇಲೆ ಇ. ಕೋಲೈ ಬ್ಯಾಕ್ಟೀರಿಯಾ ಸವರಿ, ನಡುವೆ ಆ ಕೆರೆದದ್ದನ್ನು ಇಡುತ್ತಾರೆ. ಅಮೀಬಾ ಇದ್ದರೆ ಬ್ಯಾಕ್ಟೀರಿಯಾ ತಿನ್ನುತ್ತಾ ಹೊರಡುತ್ತದೆ. ಕೆಲವು ದಿನ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಮಳೆಗಾಲದ ಗೋಡೆ ಮೇಲೆ ಬಸವನಹುಳು ಬಿಟ್ಟುಹೋದ ಹಾಗೆ, ಅದು ನಡೆದ ಜಾಡು ಕಾಣುತ್ತದೆ.

ಚಿಕಿತ್ಸೆ ಮಾತ್ರ ಉದ್ದ. ಔಷಧಿ ತಾಗಿದರೆ ಅಮೀಬಾ ಎರಡು ಗೋಡೆಯ ಚಿಪ್ಪು ಕಟ್ಟಿಕೊಂಡು ಮುದುಡಿ ಕೂರುತ್ತದೆ. ಪಿಎಚ್ಎಂಬಿ ಅಥವಾ ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕ ಔಷಧಿಯ ಹನಿಯನ್ನು ಮೊದಲ ದಿನಗಳಲ್ಲಿ ಹಗಲು ರಾತ್ರಿ ಗಂಟೆಗೊಮ್ಮೆ ಹಾಕಬೇಕು. ಆಮೇಲೂ ತಿಂಗಳುಗಟ್ಟಲೆ ಬಿಡುವಂತಿಲ್ಲ. ರಾತ್ರಿ ಎರಡು ಗಂಟೆಗೆ ಅಲಾರಂ ಇಟ್ಟು ಎದ್ದು ಹನಿ ಹಾಕುವ ಮನೆಯವರ ಕಷ್ಟವನ್ನೂ ಇಲ್ಲಿ ನೆನೆಯಬೇಕು.

ಕೆರೆಯದೆಯೂ ನೋಡುವ ಉಪಾಯವಿದೆ. ಕಾನ್‌ಫೋಕಲ್ ಸೂಕ್ಷ್ಮದರ್ಶಕ ಎಂಬ ಯಂತ್ರ ಜೀವಂತ ಕಣ್ಣಿನ ಕಾರ್ನಿಯಾವನ್ನು ಪದರ ಪದರವಾಗಿ ತೋರಿಸುತ್ತದೆ. ಚಿಪ್ಪಿನೊಳಗಿನ ಅಮೀಬಾ ಅಲ್ಲಿ ಹೊಳೆಯುವ ಚುಕ್ಕಿ. ನರಗಳು ಬಿಳಿ ದಾರದ ಎಳೆಗಳು. ಆ ಎಳೆಗಳನ್ನು ಎಣಿಸಬಹುದು. ಸಕ್ಕರೆ ಕಾಯಿಲೆಯಿಂದ ನರ ಹಾಳಾದವರಲ್ಲಿ ಎಳೆಗಳು ಕಡಿಮೆ ಇರುತ್ತವೆ. ಕೈ ನಡುಗಿಸುವ ಮೆದುಳಿನ ಕಾಯಿಲೆ ಪಾರ್ಕಿನ್ಸನ್ ಇರುವವರಲ್ಲೂ ಹೀಗೇ ಕಂಡುಬಂದಿದೆ. ಮೈಯಲ್ಲಿ ಬೇರೆ ಕಡೆ ಇಷ್ಟು ಸಣ್ಣ ನರ ನೋಡಬೇಕಾದರೆ ಸಾಮಾನ್ಯವಾಗಿ ಕೊಯ್ಯಬೇಕು. ಕಣ್ಣಿನಲ್ಲಿ ಸುಮ್ನೆ ನೋಡಿದರೆ ಸಾಕು.

ಇನ್ನು ಕಣ್ಣಿನ ಹಿಂಗೋಡೆ, ರೆಟಿನಾ. ತಾಯಿಯ ಹೊಟ್ಟೆಯಲ್ಲಿ ಮಗು ಬೆಳೆಯುವಾಗ ಅದು ಮೂಡುವುದೇ ಮೆದುಳಿನಿಂದ. 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಅದನ್ನು ನೋಡುವ ಉಪಕರಣದ ವಿವರ ಪ್ರಕಟಿಸಿದರು. 1991ರಲ್ಲಿ ಬೆಳಕಿನಿಂದಲೇ ರೆಟಿನಾದ ಪದರಗಳನ್ನು ತೋರಿಸುವ ಒಸಿಟಿ ಬಂತು. ಗಲ್ಲ ಊರಿ ಕೂತು, ಮುಂದಿನ ಗುರುತು ನೋಡುತ್ತಿದ್ದರೆ ಕೆಲವೇ ಸೆಕೆಂಡಿನಲ್ಲಿ ಚಿತ್ರ ಸಿದ್ಧ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದಲ್ಲಿ ರೆಟಿನಾದ ನರಪದರ ತೆಳ್ಳಗಾಗುವುದು ಈ ಚಿತ್ರದಲ್ಲಿ ಕಾಣುತ್ತದೆ.

2023ರಲ್ಲಿ ಲಂಡನ್ನಿನ ಸಂಶೋಧಕರು ಪಾರ್ಕಿನ್ಸನ್ ಬಗ್ಗೆಯೂ ಇಂಥದೇ ಒಂದು ಸುಳಿವು ಕೊಟ್ಟರು. ಸಾವಿರಾರು ಜನರ ಹಳೆಯ ಕಣ್ಣಿನ ಚಿತ್ರಗಳನ್ನು ಅವರು ತೆಗೆದು ನೋಡಿದರು. ಒಬ್ಬರ ಚಿತ್ರ ನೋಡಿ ಈ ಕಾಯಿಲೆ ಬರುತ್ತದೆ ಎಂದು ಇವತ್ತಿಗೂ ಹೇಳಲಾಗದು. ಆದರೆ ಮುಂದೆ ಪಾರ್ಕಿನ್ಸನ್ ಬಂದವರನ್ನು ಒಟ್ಟಾಗಿ ನೋಡಿದರೆ, ರೆಟಿನಾದ ಒಳಪದರ ಉಳಿದವರಿಗಿಂತ ತುಸು ತೆಳ್ಳಗಿತ್ತು. ಚಿತ್ರ ತೆಗೆಸಿಕೊಂಡ ದಿನ ಅವರ ಕೈ ನಡುಗುತ್ತಿದೆ ಎಂದು ಯಾರೂ ಬರೆದಿರಲಿಲ್ಲ. ವೈದ್ಯರು ಕಾಯಿಲೆಯ ಹೆಸರು ಹೇಳಿದ್ದು, ಸರಾಸರಿ ಲೆಕ್ಕದಲ್ಲಿ, ಅದಾಗಿ ಏಳು ವರ್ಷದ ಮೇಲೆ.

ನಮಸ್ಕಾರ.