ಅಲ್ಲಿ ಅದಕ್ಕೆ ಏನಂತಾರೆ?

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಮುಂಚಿನ ಗೋಷ್ಠಿ ನನ್ನದು. ಒಗ್ಗರಣೆ ವಾಸನೆ ಆಗಲೇ ಬರುತ್ತಿದೆ, ಹಾಗಾಗಿ ನನ್ನ ಎದುರಾಳಿ ಯಾರು ಅಂತ ಗೊತ್ತು.

ಆಹ್ವಾನ ಪತ್ರಿಕೆಯಲ್ಲಿ ‘ಜಗತ್ತಿನ ಶಿಕ್ಷಣ ವ್ಯವಸ್ಥೆಗಳು: ಸಂಶೋಧನೆಯ ಆಕರಗಳು’ ಅಂತ ಹಾಕಿದ್ದಾರೆ. ಜಗತ್ತು ದೊಡ್ಡದು. ನನಗೆ ಕೊಟ್ಟಿದ್ದು ನಲವತ್ತು ನಿಮಿಷ. ಅದರಲ್ಲಿ ಹತ್ತು ನಿಮಿಷ ಹೂಗುಚ್ಛಕ್ಕೇ ಹೋಯಿತು.

ನಾನು ಇಲ್ಲಿಗೆ ಬರಲು ಒಪ್ಪಿದ್ದಕ್ಕೆ ಒಂದು ಕಾರಣ ಇದೆ. ಈಚೆಗೆ ಮೂರು ಪ್ರಬಂಧಗಳ ಕರಡು ಓದಿದೆ. ಮೂರರಲ್ಲೂ ಫಿನ್ಲೆಂಡ್. ಮೂರರಲ್ಲೂ ಒಂದೇ ವಾಕ್ಯ: ‘ಫಿನ್ಲೆಂಡಿನಲ್ಲಿ ಪರೀಕ್ಷೆಗಳೇ ಇಲ್ಲ.’ ಎಲ್ಲಿಂದ ಬಂತು ಅಂತ ಹಿಂದೆ ಹಿಂದೆ ಹೋದೆ. ಈ ಪ್ರಬಂಧದಿಂದ ಇನ್ನೊಂದು ಪ್ರಬಂಧಕ್ಕೆ, ಅಲ್ಲಿಂದ ಒಂದು ಪತ್ರಿಕೆಯ ಪುರವಣಿಗೆ. ಅಲ್ಲಿಗೆ ದಾರಿ ಮುಗಿಯಿತು. ಪುರವಣಿಯವರು ಎಲ್ಲಿಂದ ತಂದರು ಅಂತ ದೇವರಿಗೇ ಗೊತ್ತು. ನಿಜ ಏನು? ಅಲ್ಲಿ ಮಕ್ಕಳು ಏಳನೇ ವರ್ಷಕ್ಕೆ ಒಂದನೇ ತರಗತಿಗೆ ಸೇರುತ್ತಾರೆ. ಒಂಬತ್ತು ವರ್ಷದ ಮೂಲ ಶಾಲೆಯಲ್ಲಿ ನಮ್ಮ ಎಸ್ಸೆಸ್ಸೆಲ್ಸಿ ತರಹ ಇಡೀ ದೇಶಕ್ಕೆ ಒಂದು ಪಬ್ಲಿಕ್ ಪರೀಕ್ಷೆ ಇಲ್ಲ. ಆದರೆ ಆಮೇಲೆ ಮೇಲಿನ ಹಂತದ ಸಾಮಾನ್ಯ ಶಾಲೆ ಮುಗಿಸುವಾಗ ಮೆಟ್ರಿಕ್ಯುಲೇಷನ್ ಪರೀಕ್ಷೆ ಇದ್ದೇ ಇದೆ. 1852ರಿಂದ ಇದೆ! ಅವರ ಭಾಷೆಯಲ್ಲಿ ಅದರ ಹೆಸರು ಯ್ಲಿಯೊಪ್ಪಿಲಸ್‌ಟುಟ್ಕಿಂಟೊ. ಬೆಳಿಗ್ಗೆಯಿಂದ ಕನ್ನಡಿ ಮುಂದೆ ಅಭ್ಯಾಸ ಮಾಡಿಕೊಂಡು ಬಂದಿದ್ದೇನೆ. ಈ ಒಂದು ಪದ ಗೊತ್ತಿದ್ದಿದ್ದರೆ ಮೂವರೂ ಎಡವುತ್ತಿರಲಿಲ್ಲ.

ನಾನು ಹೇಳಬೇಕಾದ್ದು ಇಷ್ಟೇ. ಯಾವ ದೇಶದ ಬಗ್ಗೆ ಹುಡುಕುತ್ತೀರೋ, ಮೊದಲು ‘ಅಲ್ಲಿ ಅದಕ್ಕೆ ಏನಂತಾರೆ?’ ಅಂತ ಕೇಳಿಕೊಳ್ಳಿ. ಆಮೇಲೆ ಗೂಗಲ್ ತೆರೆಯಿರಿ.

ಇದನ್ನು ನಾನು ಮಾನ ಕಳೆದುಕೊಂಡು ಕಲಿತೆ. ನನ್ನ ಎಂ.ಎಡ್. ಪ್ರಬಂಧದಲ್ಲಿ ಬ್ರಿಟನ್ ಬಗ್ಗೆ ಒಂದು ಅಧ್ಯಾಯ ಇತ್ತು. ನಮ್ಮ ಲೈಬ್ರರಿಯಲ್ಲಿ ಆ ವಿಷಯಕ್ಕೆ ಇದ್ದದ್ದು ಒಂದೇ ಪುಸ್ತಕ, ಅದಕ್ಕೂ ಮೊದಲ ನಲವತ್ತು ಪುಟ ಇರಲಿಲ್ಲ. ಅದರಲ್ಲಿ ಪಬ್ಲಿಕ್ ಸ್ಕೂಲುಗಳ ಬಗ್ಗೆ ಓದಿದೆ. ಪಬ್ಲಿಕ್ ಅಂದರೆ ಸಾರ್ವಜನಿಕ, ಸಾರ್ವಜನಿಕ ಅಂದರೆ ಸರ್ಕಾರಿ. ಸರಿ, ಬರೆದೆ: ‘ಬ್ರಿಟನ್ನಿನ ಎಷ್ಟೋ ಪ್ರಧಾನಿಗಳು ಈಟನ್‌ನಂಥ ಸರ್ಕಾರಿ ಶಾಲೆಯಲ್ಲಿ ಓದಿದವರು. ನಮ್ಮ ಸರ್ಕಾರಿ ಶಾಲೆಗಳಿಗೂ ಇದು ಮಾದರಿಯಾಗಬೇಕು.’ ಶಿಫಾರಸು ಬೇರೆ ಮಾಡಿದ್ದೆ!

ವೈವಾ ದಿನ ಬಂದ ಪರೀಕ್ಷಕರು ವಯಸ್ಸಾದವರು. ನಸ್ಯದ ಡಬ್ಬಿ ಮೇಜಿನ ಮೇಲೆ. ಪುಟ ತಿರುಗಿಸಿದರು, ನಸ್ಯ ಏರಿಸಿದರು, ಮತ್ತೆ ಪುಟ ತಿರುಗಿಸಿದರು. ಆಮೇಲೆ ತುಂಬಾ ಮೆತ್ತಗೆ ಕೇಳಿದರು: ‘ಏನಮ್ಮಾ, ಈಟನ್ ಹೆಡ್‌ಮಾಸ್ಟರಿಗೆ ಸಂಬಳ ಯಾವ ಟ್ರೆಜರಿಯಿಂದ ಬರುತ್ತೆ?’ ನಾನು ಧೈರ್ಯವಾಗಿ, ‘ಲಂಡನ್ ಟ್ರೆಜರಿ ಸಾರ್’ ಅಂದೆ.

ನಗಿ, ನಗಿ. ಅವರೂ ನಕ್ಕರು. ಸೀನು ಬಂದು ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ಇಂಗ್ಲೆಂಡಿನಲ್ಲಿ ಪಬ್ಲಿಕ್ ಸ್ಕೂಲ್ ಅಂದರೆ ದುಬಾರಿ ಫೀಸಿನ ಖಾಸಗಿ ಶಾಲೆ. ಸರ್ಕಾರಿ ಶಾಲೆಗೆ ಅವರು ಸ್ಟೇಟ್ ಸ್ಕೂಲ್ ಅಂತಾರೆ. ಪಕ್ಕದ ಸ್ಕಾಟ್ಲೆಂಡಿಗೆ ಹೋದರೆ ಪಬ್ಲಿಕ್ ಸ್ಕೂಲ್ ಮತ್ತೆ ಸರ್ಕಾರಿ! ಅಮೆರಿಕದಲ್ಲೂ ಸರ್ಕಾರಿ. ತಮಾಷೆ ಏನಂದರೆ, ನಾನು ದಿನಾ ಬಸ್ಸಿಗೆ ಕಾಯುತ್ತಿದ್ದದ್ದು ಟೈ ಕಟ್ಟಿಕೊಂಡು ವ್ಯಾನಿನಲ್ಲಿ ಬರುವ ಮಕ್ಕಳ ಶಾಲೆಯ ಮುಂದೆ. ಅದರ ಬೋರ್ಡಿನ ಮೇಲೂ ಪಬ್ಲಿಕ್ ಸ್ಕೂಲ್ ಅಂತಲೇ ಇತ್ತು. ನೋಡುತ್ತಲೇ ಇದ್ದೆ, ಹೊಳೆಯಲಿಲ್ಲ. ಈಗ ನೋಡಿ, ನಮ್ಮ ಸರ್ಕಾರವೇ ಕರ್ನಾಟಕ ಪಬ್ಲಿಕ್ ಸ್ಕೂಲ್ ನಡೆಸುತ್ತಿದೆ. ನನ್ನ ಪ್ರಬಂಧ ಸ್ವಲ್ಪ ಮುಂಚೆ ಬಂತು ಅಷ್ಟೇ.

ಜರ್ಮನಿಯಲ್ಲಿ ಗಿಮ್ನಾಜಿಯಂ ಅಂದರೆ ಕಸರತ್ತಿನ ಮನೆ ಅಲ್ಲ, ವಿಶ್ವವಿದ್ಯಾಲಯಕ್ಕೆ ಸೇರಲು ಬೇಕಾದ ಅಬಿಟೂರ್ ಪರೀಕ್ಷೆಗೆ ತಯಾರು ಮಾಡುವ ಶಾಲೆ. ಅಲ್ಲಿ ಶಾಲೆ ರಾಜ್ಯಗಳ ವಿಷಯ. ಹದಿನಾರು ರಾಜ್ಯ, ಹದಿನಾರು ಕಾನೂನು. ಸುಮ್ನೆ ‘ಜರ್ಮನಿಯ ಶಾಲೆ’ ಅಂತ ಬರೆದರೆ ಆಗಲ್ಲ.

ಅಷ್ಟೇಕೆ, ನಮ್ಮನ್ನೇ ತಗೊಳ್ಳಿ. ಬೇರೆ ದೇಶದವರು ಯಾರೋ ಕರ್ನಾಟಕದ ಹನ್ನೊಂದನೇ ತರಗತಿ ಬಗ್ಗೆ ಹುಡುಕುತ್ತಿದ್ದಾರೆ ಅನ್ನಿ. ಅದು ಇಲ್ಲಿ ‘ಕಾಲೇಜು’, ‘ಪಿಯುಸಿ’ ಅಂತ ಅವರಿಗೆ ಕನಸು ಬೀಳಬೇಕಾ? ಈ ಗೋಜಲಿಗೇ ಯುನೆಸ್ಕೋ ಒಂದು ಅಳತೆಗೋಲು ಮಾಡಿದೆ. ಹೆಸರು ಇಸ್ಕೆಡ್. 1976ರಲ್ಲಿ ಬಂತು, 2011ರಲ್ಲಿ ಮತ್ತೆ ತಿದ್ದಿದರು. ಸೊನ್ನೆಯಿಂದ ಎಂಟರವರೆಗೆ ಹಂತಗಳು. ಅಂಗನವಾಡಿ ಸೊನ್ನೆ, ಪಿಯುಸಿ ಮೂರು, ಪಿಎಚ್.ಡಿ. ಎಂಟು. ದೇಶದೇಶಗಳ ತರಗತಿಗಳು ಯಾವ ಹಂತಕ್ಕೆ ಬರುತ್ತವೆ ಅನ್ನುವ ಪಟ್ಟಿಗಳು ಮಾಂಟ್ರಿಯಲ್‌ನಲ್ಲಿರುವ ಯುನೆಸ್ಕೋ ಅಂಕಿಅಂಶ ಸಂಸ್ಥೆಯಲ್ಲಿ ಪುಕ್ಕಟೆ ಸಿಗುತ್ತವೆ. ಎರಡು ದೇಶ ಹೋಲಿಸುವ ಮುಂಚೆ ಆ ಪಟ್ಟಿ ತೆಗೆದು ಪಕ್ಕದಲ್ಲಿ ಇಟ್ಟುಕೊಳ್ಳಿ.

ಇನ್ನು ಎರಿಕ್. ಶಿಕ್ಷಣದ ಲೇಖನ, ವರದಿಗಳನ್ನು ಕೂಡಿಟ್ಟ ಅಮೆರಿಕದ ಶಿಕ್ಷಣ ಇಲಾಖೆಯ ಆನ್‌ಲೈನ್ ಭಂಡಾರ. ಅರವತ್ತರ ದಶಕದಿಂದ ಇದೆ, ದುಡ್ಡು ಕೊಡಬೇಕಾಗಿಲ್ಲ. ಇಲ್ಲಿ ಎಲ್ಲರೂ ಮಾಡುವ ತಪ್ಪು ಹೇಳುತ್ತೇನೆ. ತಲೆಗೆ ಬಂದ ಪದ ಹೊಡೆಯುತ್ತೀರಿ, ಸಾವಿರಗಟ್ಟಲೆ ಬರುತ್ತದೆ, ಮೊದಲ ಮೂರು ತೆಗೆದುಕೊಳ್ಳುತ್ತೀರಿ. ಅಲ್ವಾ? ಮೇಲೆ ‘ಥಿಸಾರಸ್’ ಅಂತ ಒಂದು ಕೊಂಡಿ ಇದೆ. ಅದನ್ನು ಒತ್ತಿ. ನಿಮ್ಮ ವಿಷಯಕ್ಕೆ ಅವರು ಯಾವ ಪದ ಕೊಟ್ಟಿದ್ದಾರೆ ಅಂತ ನೋಡಿ, ಆ ಪದದಿಂದ ಹುಡುಕಿ. ನೋಡಿ, ಮತ್ತೆ ಅಲ್ಲಿಗೇ ಬಂದೆ. ಫಲಿತಾಂಶದಲ್ಲಿ ‘ಇಜೆ’ ಅಂತ ಶುರುವಾಗುವ ಸಂಖ್ಯೆ ಜರ್ನಲ್ ಲೇಖನ. ‘ಇಡಿ’ ಅಂತ ಇದ್ದರೆ ವರದಿ, ಸಮ್ಮೇಳನದ ಪ್ರಬಂಧ ಇಂಥವು. ಪೂರ್ತಿ ಪಠ್ಯ ಇರುವುದು ಮಾತ್ರ ತೋರಿಸು ಅನ್ನುವ ಚೌಕವೂ ಇದೆ, ಟಿಕ್ ಹಾಕಿ. ಸಿಕ್ಕಿದ್ದನ್ನು ಆಗಲೇ ಇಳಿಸಿ ಇಟ್ಟುಕೊಳ್ಳಿ.

ಯುರೋಪ್ ಬೇಕಿದ್ದರೆ ಯೂರಿಡೈಸ್, ಅಲ್ಲಿನ ದೇಶಗಳ ಶಿಕ್ಷಣ ವ್ಯವಸ್ಥೆಗಳನ್ನು ವಿವರಿಸುವ ಜಾಲತಾಣ. ಎಲ್ಲ ದೇಶಕ್ಕೂ ಒಂದೇ ಅಧ್ಯಾಯ ಕ್ರಮ. ಹಾಗಾಗಿ ಶಿಕ್ಷಕರ ತರಬೇತಿ ಪೋಲೆಂಡಿನಲ್ಲಿ ಹೇಗೆ, ಪೋರ್ಚುಗಲ್‌ನಲ್ಲಿ ಹೇಗೆ ಅಂತ ಅಕ್ಕಪಕ್ಕ ಇಟ್ಟು ಓದಬಹುದು. ಆಫ್ರಿಕಾ, ಏಷ್ಯಾದ ಸರ್ಕಾರಗಳ ಯೋಜನೆ, ನೀತಿಗಳ ಮೂಲ ಪ್ರತಿ ಬೇಕಿದ್ದರೆ ಪ್ಯಾರಿಸ್‌ನ ಯುನೆಸ್ಕೋ ಸಂಸ್ಥೆ ನಡೆಸುವ ಪ್ಲಾನಿಪೊಲಿಸ್. ಜಿನೀವಾದ ಅಂತಾರಾಷ್ಟ್ರೀಯ ಶಿಕ್ಷಣ ಬ್ಯೂರೋದಲ್ಲೂ ದೇಶಗಳ ಪರಿಚಯಗಳಿವೆ. ಮಕ್ಕಳ ಮನಸ್ಸಿನ ಬೆಳವಣಿಗೆ ಬಗ್ಗೆ ಬರೆದ ಮನೋವಿಜ್ಞಾನಿ ಪಿಯಾಜೆ ಬರೀ ಮಕ್ಕಳ ಆಟ ನೋಡುತ್ತಾ ಕೂತಿದ್ದರು ಅಂದುಕೊಂಡಿರಾ? 1929ರಿಂದ ದಶಕಗಳ ಕಾಲ ಅಲ್ಲಿ ನಿರ್ದೇಶಕರಾಗಿದ್ದರು. ಆದರೆ ಆ ಪರಿಚಯಗಳ ಏಳನೇ ಆವೃತ್ತಿ 2010-11ರದ್ದು. ಫಿನ್ಲೆಂಡ್ 2021ರಲ್ಲಿ ಕಡ್ಡಾಯ ಶಿಕ್ಷಣವನ್ನು ಹದಿನೆಂಟು ವಯಸ್ಸಿನವರೆಗೆ ಏರಿಸಿತು. ತಾರೀಖು ನೋಡದೆ ನಕಲು ಮಾಡಿದರೆ ಮುಗಿಯಿತು.

ಪೀಸಾ ಬಗ್ಗೆ ಎರಡು ಮಾತು. ಹದಿನೈದು ವರ್ಷದ ಮಕ್ಕಳ ಕಲಿಕೆಯನ್ನು ದೇಶದೇಶಗಳ ನಡುವೆ ಹೋಲಿಸುವ ಪರೀಕ್ಷೆ ಅದು. ‘ಪೀಸಾದಲ್ಲಿ ಭಾರತಕ್ಕೆ ಕೊನೆಯಿಂದ ಎರಡನೇ ಸ್ಥಾನ’ ಅಂತ ಭಾಷಣಗಳಲ್ಲಿ ಕೇಳಿರುತ್ತೀರಿ. ಆ ಸುತ್ತಿನಲ್ಲಿ ಪರೀಕ್ಷೆ ಬರೆದದ್ದು ಹಿಮಾಚಲ ಪ್ರದೇಶ ಮತ್ತು ತಮಿಳುನಾಡಿನ ಮಕ್ಕಳು ಮಾತ್ರ. 2009ರ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿ ಮಿಂಚಿದ ‘ಚೀನಾ’ ಅಂದರೆ ಶಾಂಘೈ ಒಂದೇ. ಇಲ್ಲಿ ದೇಶದ ಹೆಸರನ್ನೂ ನಂಬುವ ಹಾಗಿಲ್ಲ.

ಚೀಟಿ ಬಂತು. ಹತ್ತು ನಿಮಿಷ ಅಂತೆ. ಹಾಗಿದ್ದರೆ ಬಳ್ಳಾರಿಗೆ ಹೋಗೋಣ, ಅದನ್ನು ಬಿಡಲಾರೆ.

1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಎಲ್ಲ ಜಿಲ್ಲೆಗಳ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿ ಕಲೆಕ್ಟರ್ ಕ್ಯಾಂಪ್ಬೆಲ್ 1823ರ ಆಗಸ್ಟಿನಲ್ಲಿ ಉತ್ತರ ಬರೆದ: 533 ಶಾಲೆ, 6,641 ಮಕ್ಕಳು. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು, ದೊಡ್ಡ ಹುಡುಗ ಚಿಕ್ಕವನಿಗೆ ಹೇಳಿಕೊಡುವುದು, ಎಲ್ಲ ಅದರಲ್ಲಿದೆ. ಇದನ್ನು ಇಂಗ್ಲೆಂಡ್ ನಕಲು ಮಾಡಿದ್ದು ಸರಿಯಾಗಿಯೇ ಇದೆ ಅಂತಲೂ ಹೇಳುತ್ತಾನೆ. ನಕಲು ಹೋದದ್ದು ನಿಜ. ಮದ್ರಾಸಿನಲ್ಲಿದ್ದ ಪಾದ್ರಿ ಆಂಡ್ರ್ಯೂ ಬೆಲ್ ಈ ಕ್ರಮವನ್ನು ಮೊದಲೇ ನೋಡಿ, ತನ್ನ ಶಾಲೆಯಲ್ಲಿ ಮಾಡಿಸಿ, 1797ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ‘ಮದ್ರಾಸ್ ಪದ್ಧತಿ’ ಅಂತ ಅಲ್ಲಿ ಹೆಸರಾಯಿತು.

ಒಬ್ಬ ಹುಡುಗ ಈ ವರದಿ ಹುಡುಕಿ ಸೋತು ನನ್ನ ಹತ್ತಿರ ಬಂದ. ‘ಮೇಡಂ, ಕಡತದಲ್ಲಿ ಕನ್ನಡ ಶಾಲೆಗಳೇ ಇಲ್ಲ.’ ‘ಏನಂತ ಹುಡುಕಿದೆಯಪ್ಪಾ?’ ‘ಕನ್ನಡ ಅಂತ.’ ಕ್ಯಾಂಪ್ಬೆಲ್ ನಮ್ಮ ಭಾಷೆಗೆ ಬರೆದದ್ದು ‘ಕರ್ನಾಟಕ’ ಅಂತ, ಅದೂ ಇಂಗ್ಲಿಷಿನಲ್ಲಿ ಕೆ ಬದಲು ಸಿ ಹಾಕಿ. ಬೇರೆ ಸಾಹೇಬರು ‘ಕ್ಯಾನರೀಸ್’ ಅಂತಿದ್ದರು. ಅಲ್ಲೇ ಕೂತು ಪದ ಬದಲಿಸಿ ಹೊಡೆದ. 235 ಶಾಲೆ! ತೆಲುಗಿನವು 226. ಅವನ ಮುಖ ನೋಡಬೇಕಿತ್ತು.

ಇನ್ನೊಂದು ಚೀಟಿ. ಸರಿ, ಗಣಿತ-ವಿಜ್ಞಾನದ ಅಂತಾರಾಷ್ಟ್ರೀಯ ಪರೀಕ್ಷೆ ಟಿಮ್ಸ್, ವಿಶ್ವಬ್ಯಾಂಕಿನ ಅಂಕಿಅಂಶ, ನಮ್ಮ ದೇಶದ ಪಿಎಚ್.ಡಿ. ಪ್ರಬಂಧಗಳ ಭಂಡಾರ ಶೋಧಗಂಗಾ ಎಲ್ಲ ಸ್ಲೈಡಿನಲ್ಲಿವೆ, ಸಂಘಟಕರ ಹತ್ತಿರ ತಗೊಳ್ಳಿ. ಜಪಾನ್ ಬಿಟ್ಟೆ. ಬೇಜಾರು ಮಾಡಿಕೊಳ್ಳಬೇಡಿ.

ಹಿಂದೆ ಯಾರೋ ಕೈ ಎತ್ತಿದ್ದೀರಿ. ಕೇಳಮ್ಮಾ. ನಮ್ಮ ಕೂಲಿಮಠಕ್ಕೆ, ಅಂದರೆ ಹಳೇ ಕಾಲದ ಊರ ಶಾಲೆಗೆ, ಆ ಕಡತಗಳಲ್ಲಿ ಏನಂತ ಹುಡುಕಬೇಕು? ಹಾಂ, ಇದು ಪ್ರಶ್ನೆ! ‘ಪಯಲ್ ಸ್ಕೂಲ್’ ಅಂತ ಹೊಡೆದು ನೋಡಿ. ಪಯಲ್ ಅಂದರೆ ಜಗಲಿ. ಪಿ, ಐ, ಎ, ಎಲ್. ಬರೆದುಕೊಂಡಿರಾ?