ಫೋಲ್ಡರ್ ತೆರೆಯದೇ ಹೋದ ರಾತ್ರಿ: ಎಕ್ಸ್ ಬಿಟ್‌ನ ಕೆಲಸ

ಪರದೆಯ ಮೇಲೆ ನೀವು ನೋಡುತ್ತಿರುವುದು ಅಜ್ಜನ ಕಾಲದ ಫೋಟೋಗಳನ್ನು ಸ್ಕ್ಯಾನ್ ಮಾಡಿಟ್ಟ ಫೋಲ್ಡರ್. ಹೆಸರುಗಳೇನೋ ಕಾಣುತ್ತಿವೆ, ಆದರೆ ಗಾತ್ರ, ದಿನಾಂಕ, ಅನುಮತಿ ಇರಬೇಕಾದ ಕಡೆಯೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಿವೆ. ಒಂದು ಫೋಟೋ ಕೂಡ ಅಳಿದಿಲ್ಲ. ಈ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ವ್ಯವಸ್ಥೆ ನನ್ನನ್ನು ಒಳಗೆ ಬಿಡುತ್ತಿಲ್ಲ.

ಇದೇ ಕಂಪ್ಯೂಟರನ್ನು ತನ್ನ ಲಾಗಿನ್‌ನಿಂದ ಬಳಸುವ ತಂಗಿಗೆ ಫೋಟೋಗಳು ಕಾಣಬೇಕು, ಬದಲಿಸಲು ಮಾತ್ರ ಬರಬಾರದು ಎಂಬುದು ನನ್ನ ಉದ್ದೇಶವಾಗಿತ್ತು. ಓದಲು 4, ಬರೆಯಲು 2, ಓಡಿಸಲು 1 ಎಂದು ಕೂಡಿಸಿ, ಮಾಲೀಕ, ಗುಂಪು, ಇತರರು ಎಂಬ ಮೂವರಿಗೂ ಒಂದೊಂದು ಅಂಕಿ ಕೊಡುವ ಈ ಲೆಕ್ಕದಲ್ಲಿ ಫೋಟೋಗಳಿಗೆ 644 ಸರಿಯೇ. ಆದರೆ ನಿನ್ನೆ ರಾತ್ರಿ ನಾನು ಅನುಮತಿ ಬದಲಿಸುವ ಚ್‌ಮಾಡ್ ಆಜ್ಞೆಗೆ, ಒಳಗಿರುವುದಕ್ಕೆಲ್ಲ ಅನ್ವಯಿಸು ಎನ್ನುವ ಕ್ಯಾಪಿಟಲ್ ಆರ್ ಜೋಡಿಸಿ ಇಡೀ ಫೋಲ್ಡರ್‌ಗೆ 644 ಕೊಟ್ಟೆ. ಹೊರಗಿನ ಫೋಲ್ಡರ್ ಬದಲಾದ ಕೂಡಲೇ ಒಳಗಿನ ಒಂದೊಂದು ಹೆಸರಿಗೂ ಅನುಮತಿಯಿಲ್ಲ ಎಂಬ ಸಾಲು ಬರತೊಡಗಿತು. ಅಲ್ಲಿಗೇ ನಿಲ್ಲಿಸಿದ್ದರೆ, ಆ ಒಂದು ಫೋಲ್ಡರ್‌ಗೆ ಮತ್ತೆ 755 ಕೊಟ್ಟು ಮಲಗಬಹುದಿತ್ತು. ಸಾಲುಗಳನ್ನು ಓದದೆ, ಆಜ್ಞೆಯನ್ನು ರೂಟ್ ಎಂಬ ಸರ್ವಾಧಿಕಾರದ ಖಾತೆಯ ಹೆಸರಿನಲ್ಲಿ ಓಡಿಸುವ ಸುಡೋ ಪದವನ್ನು ಮುಂದೆ ಸೇರಿಸಿ ಅದನ್ನೇ ಮತ್ತೆ ಓಡಿಸಿದೆ. ರೂಟ್‌ಗೆ ಈ ತಡೆ ಇಲ್ಲದ ಕಾರಣ, ಎಷ್ಟು ಆಳದಲ್ಲಿದ್ದ ಉಪಫೋಲ್ಡರ್ ಆದರೂ ಬಿಡದೆ ಎಲ್ಲವೂ ಮುಚ್ಚಿಹೋದವು.

ಓಡಿಸಲು ಎಂದು ಕೂಡಿಸಿದ ಆ 1 ಅನುಮತಿಯ ಗುರುತೇ ಎಕ್ಸ್ ಬಿಟ್. ಫೈಲ್‌ನ ಮೇಲಿದ್ದರೆ ಅದು ಆ ಫೈಲನ್ನು ಪ್ರೋಗ್ರಾಂ ಆಗಿ ಓಡಿಸಲು ಬಿಡುತ್ತದೆ. ಫೋಲ್ಡರ್‌ನ ಮೇಲಿರುವ ಅದೇ ಬಿಟ್ ಒಳಗೆ ಹೋಗಲು ಬಿಡುತ್ತದೆ. ಓದುವ ಬಿಟ್ ಉಳಿದಿದ್ದರಿಂದ ಹೆಸರುಗಳ ಪಟ್ಟಿ ಸಿಗುತ್ತಿದೆ, ಎಕ್ಸ್ ಹೋದದ್ದರಿಂದ ಆ ಹೆಸರಿನ ಫೈಲ್ ಕೈಗೆ ಸಿಗುತ್ತಿಲ್ಲ. ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಬೇಕು: ಫೋಟೋವನ್ನು ಯಾರು ಅಳಿಸಬಹುದು ಎಂಬುದು ಅದಿರುವ ಫೋಲ್ಡರ್‌ನ ಬರೆಯುವ ಬಿಟ್ ಮತ್ತು ಎಕ್ಸ್ ಬಿಟ್‌ಗೆ ಸೇರಿದ್ದು, ಆದ್ದರಿಂದ ಫೋಟೋಗೆ ಮಾತ್ರ 644 ಕೊಟ್ಟರೆ ಅದು ಉಳಿಯುತ್ತದೆಂಬ ಭರವಸೆಯಿಲ್ಲ. ಒಂದೇ ಅಕ್ಷರಕ್ಕೆ ಎರಡು ಅರ್ಥ ಕೊಟ್ಟದ್ದು ಕೆಟ್ಟ ವಿನ್ಯಾಸವೆಂದು ರಾತ್ರಿ ಅನ್ನಿಸಿತ್ತು. ಈಗ, ಬರೀ 9 ಬಿಟ್‌ಗಳಲ್ಲಿ ಇಷ್ಟನ್ನೆಲ್ಲ ಹಿಡಿಸಿದವರನ್ನು ಮೆಚ್ಚಲೇಬೇಕೆನ್ನಿಸುತ್ತಿದೆ.

ಸರಿಪಡಿಸಲು ಚ್‌ಮಾಡ್‌ಗೆ ಮತ್ತೆ ಕ್ಯಾಪಿಟಲ್ ಆರ್ ಜೋಡಿಸಿ ಎಲ್ಲರಿಗೂ ಎಕ್ಸ್ ಕೊಡುತ್ತಿದ್ದೇನೆ; ಈ ಆಜ್ಞೆಯಲ್ಲಿ ಎಕ್ಸ್ ದೊಡ್ಡಕ್ಷರದಲ್ಲಿದೆ, ಗಮನಿಸಿ. ಅದು ಫೋಲ್ಡರ್‌ಗಳಿಗೆ ಮತ್ತು ಮೊದಲೇ ಯಾರಿಗಾದರೂ ಎಕ್ಸ್ ಇರುವ ಫೈಲ್‌ಗಳಿಗೆ ಮಾತ್ರ ಅನ್ವಯಿಸುತ್ತದೆ. ಫೋಟೋಗಳನ್ನು ಚಿಕ್ಕದು ಮಾಡಲು ಬರೆದಿಟ್ಟಿದ್ದ ನನ್ನ ಸ್ಕ್ರಿಪ್ಟ್ 644ರಿಂದ ಎಕ್ಸ್ ಪೂರ್ತಿ ಕಳೆದುಕೊಂಡಿರುವುದರಿಂದ, ಅದಕ್ಕೆ ಬೇರೆಯಾಗಿ 755 ಕೊಡುತ್ತಿದ್ದೇನೆ. ಪ್ರಶ್ನಾರ್ಥಕ ಚಿಹ್ನೆಗಳು ಹೋಗಿ ದಿನಾಂಕಗಳು ಬಂದವು. ತಂಗಿಯ ಲಾಗಿನ್‌ನಲ್ಲಿ, ಇಗೋ, ಮೊದಲ ಫೋಟೋ ತೆರೆಯಿತು.